ಹಿಡಿಯಮ್ಮನ ಕೈ

ನಮ್ಮತ್ತೆಯ ಕೈ ಎಷ್ಟು ಚಿತ್ರಗಳಲ್ಲಿ ಬಿದ್ದಿದೆ ಅನ್ನೋದು ದೇವರೊಬ್ಬನಿಗೇ ಗೊತ್ತು. ಮುಖ ಒಂದರಲ್ಲೂ ಇಲ್ಲ.

ಕೇಳಿ. ಆಸ್ಪತ್ರೆಯಲ್ಲಿ ಇದನ್ನು ದೆವ್ವದ ಕಥೆ ಅಂತ ಆಡಿಕೊಳ್ಳುತ್ತಾರೆ. ಎಕ್ಸ್‌ರೇ ಕೋಣೆಯ ಮುಂದೆ ಬಕೆಟ್ ಹಿಡಿದು ಹೋಗುವ ಹೆಂಗಸರು ಈಗಲೂ ಅಲ್ಲಿ ಹೆಜ್ಜೆ ಬಿರುಸು ಮಾಡುತ್ತಾರೆ. ನಾನು ಆ ಕೋಣೆಯ ಒಳಗಿದ್ದೆ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ದೇವರ ಮುಂದೆ ನಿಂತು ಹೇಳಿದ ಹಾಗೆ.

ಮಕ್ಕಳ ಆಸ್ಪತ್ರೆ ಅದು. ಕೆಳಗಿನ ಅಂತಸ್ತಿನಲ್ಲಿ ಉದ್ದನೆಯ ಓಣಿ, ಓಣಿಯ ತುದಿಗೆ ಎಕ್ಸ್‌ರೇ ಕೋಣೆ. ಭಾರದ ಬಾಗಿಲು, ಬಾಗಿಲ ಮೇಲೆ ಕೆಂಪು ಬಲ್ಬು. ಅತ್ತೆ ಅಲ್ಲಿ ಕೆಲಸಕ್ಕೆ ಸೇರಿದ್ದು ಕಸ ಗುಡಿಸಲಿಕ್ಕೆ. ಒಂದು ದಿನ ಒಂದು ಮಗು ಹೊರಳಾಡಿ ಮೂರು ಸಲ ಚಿತ್ರ ಕೆಟ್ಟಿತಂತೆ. ತಾಯಿಗೆ ಹಿಡಿಯಲಾಗಲಿಲ್ಲವಂತೆ. ಅತ್ತೆ ಪೊರಕೆ ಗೋಡೆಗೆ ಒರಗಿಸಿ, ಕೈ ಸೆರಗಿಗೆ ಒರೆಸಿಕೊಂಡು ಹೋಗಿ ಹಿಡಿದರು. ಮಗು ಸುಮ್ಮನಾಯಿತು. ಚಿತ್ರ ಒಂದೇ ಏಟಿಗೆ ಬಂತು.

ಆವತ್ತಿನಿಂದ ಇಪ್ಪತ್ತಾರು ವರ್ಷ ಅತ್ತೆ ಹಿಡಿದರು.

ಹಿಡಿಯೋದು ಅಂದರೆ ಸುಲಭ ಅಲ್ಲ. ಕೂಸಿನ ಎರಡೂ ತೋಳು ಮೇಲೆತ್ತಿ ಕಿವಿಗೆ ಸೇರಿಸಬೇಕು. ಆ ತೋಳುಗಳ ನಡುವೆ ತಲೆ ಅಲ್ಲಾಡದ ಹಾಗೆ ಒತ್ತಬೇಕು. ಜಾಸ್ತಿ ಒತ್ತಿದರೆ ಮೂಳೆಗೆ ಪೆಟ್ಟು. ಕಡಿಮೆ ಒತ್ತಿದರೆ ಚಿತ್ರ ಮಸುಕು. ಕೂಸು ಅಳುತ್ತ ಅಳುತ್ತ ಉಸಿರು ಎಳೆದುಕೊಳ್ಳುತ್ತದೆ ನೋಡಿ, ಸರಿಯಾಗಿ ಆ ಗಳಿಗೆಗೆ ‘ಹ್ಞೂಂ’ ಅನ್ನಬೇಕು. ಆ ಹ್ಞೂಂ ಕೇಳಿ ಗೋಡೆಯ ಆಚೆಯಿಂದ ಗುಂಡಿ ಒತ್ತುತ್ತಾರೆ. ‘ಟಕ್’ ಅನ್ನುತ್ತದೆ. ಅಷ್ಟೇ.

ಎಲ್ಲರೂ ಗೋಡೆಯ ಆಚೆ. ಅತ್ತೆ ಈಚೆ.

ಕಿರಣ ತಡೆಯಲಿಕ್ಕೆ ಆ ಗೋಡೆಯೊಳಗೆ ಸೀಸ ಇದೆ. ಅತ್ತೆಯ ಮೈಮೇಲೆ ಒಂದು ಸೀಸದ ಏಪ್ರನ್ ಇತ್ತು. ಕೋಲಿಗೆ ನೇತುಹಾಕಬೇಕಾದ್ದನ್ನು ಮಡಚಿ ಮಡಚಿ ಮೊಳೆಗೆ ಸಿಕ್ಕಿಸಿ, ಮಡಿಕೆಯಲ್ಲೆಲ್ಲ ಬಿರುಕು ಬಿಟ್ಟಿತ್ತು. ಸೀಸದ ಕೈಗವಸೂ ಇತ್ತು. ಮರದ ಹಾಗೆ ಬಿರುಸು.

“ಇದನ್ನ ಹಾಕ್ಕೊಂಡ್ರೆ ಕೂಸಿನ ಕೈ ಹಿಡಿದಿದೀನೋ ಸೌಟು ಹಿಡಿದಿದೀನೋ ಗೊತ್ತಾಗಲ್ಲ ಕಣೇ,” ಅನ್ನುತ್ತಿದ್ದರು ಅತ್ತೆ. ಬರಿಗೈಯಲ್ಲೇ ಹಿಡಿದರು.

ಬಾಗಿಲ ಮೇಲೆ ಒಂದು ಬೋರ್ಡಿತ್ತು. ಮಗುವನ್ನು ಮನೆಯವರೇ ಹಿಡಿಯಬೇಕು, ಒಳ್ಳೆಯ ಏಪ್ರನ್ ತೊಡಬೇಕು, ಕೆಲಸದವರು ದಿನಾ ಹಿಡಿಯಬಾರದು ಅಂತ. ಅತ್ತೆಗೆ ಓದು ಬರುತ್ತಿರಲಿಲ್ಲ. ಓದು ಬರುವವರು ಆ ಬೋರ್ಡಿನ ಕೆಳಗೇ ನಿಂತು ಕೂಗುತ್ತಿದ್ದರು: “ಹಿಡಿಯಮ್ಮನ್ನ ಕರೀರಿ!” ಹೆಸರೇ ಹಾಗಾಯಿತು. ಸಂಬಳದ ಪುಸ್ತಕದಲ್ಲಿ ಮಾತ್ರ ‘ಗುಡಿಸುವವಳು’ ಅಂತಲೇ ಇತ್ತು.

ಚಿತ್ರ ತೆಗೆಯುವವನನ್ನು ಎಲ್ಲರೂ ಫಿಲಂ ಅಣ್ಣ ಅನ್ನುತ್ತಿದ್ದರು. ಅವನ ಎದೆಯ ಮೇಲೊಂದು ಸಣ್ಣ ಬಿಲ್ಲೆ. ಮೈಮೇಲೆ ಎಷ್ಟು ಕಿರಣ ಬಿತ್ತು ಅನ್ನೋದನ್ನ ಆ ಬಿಲ್ಲೆ ಹಿಡಿದಿಟ್ಟುಕೊಳ್ಳುತ್ತದೆ. ಗೋಡೆಯ ಆಚೆ ನಿಲ್ಲುವವನಿಗೆ ಬಿಲ್ಲೆ ಇತ್ತು, ಈಚೆ ನಿಲ್ಲುವವರಿಗೆ ಇರಲಿಲ್ಲ. ಒಮ್ಮೆ ಅತ್ತೆ ಆಫೀಸಿಗೆ ಹೋಗಿ ಕೇಳಿದ್ದರು. “ಕಸ ಗುಡಿಸೋರಿಗೆ ಬಿಲ್ಲೆ ಯಾಕಮ್ಮ, ಪೊರಕೆಗೂ ಒಂದು ಕೊಡಬೇಕಾ?” ಅಂತ ಅಲ್ಲಿದ್ದವರು ನಕ್ಕರಂತೆ. ಅತ್ತೆಯೂ ನಕ್ಕು ಬಂದರು. ಆ ನಗೆ ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಫಿಲಂ ಅಣ್ಣ ಕೆಟ್ಟವನಲ್ಲ. ಅತ್ತೆಗೂ ಅವನಿಗೂ ದಿನಾ ಜಟಾಪಟಿ.

“ಏನಪ್ಪಾ ಫಿಲಂ, ಇಷ್ಟು ವರ್ಷ ಆಯ್ತು, ನನ್ನ ಮುಖದ್ದು ಒಂದು ಫೋಟೋ ತೆಗೆದಿಲ್ವಲ್ಲೋ.”

“ನಿಮ್ಮ ಮುಖ ತೆಗೆದ್ರೆ ಮಿಷನ್ ಕೆಟ್ಟೋಗ್ತದೆ ಹಿಡಿಯಮ್ಮ.”

“ದಿನಾ ನಿನ್ನ ಮುಖ ನೋಡಿ ಕೆಡದ ಮಿಷನ್ನು ನನ್ನ ಮುಖಕ್ಕೆ ಕೆಡ್ತದಾ? ಹೋಗೋ!”

ಪ್ರತಿ ಚಿತ್ರದ ಅಂಚಿನಲ್ಲೂ ಅತ್ತೆಯ ಬೆರಳಿನ ಎಲುಬು ಬೀಳುತ್ತಿತ್ತು. ಕೂಸಿನ ತಲೆಯ ಅಕ್ಕಪಕ್ಕ, ನಾಲ್ಕು ನಾಲ್ಕು ಬಿಳಿ ಕಡ್ಡಿ. ಕಂಪ್ಯೂಟರಿನಲ್ಲಿ ಫಿಲಂ ಅಣ್ಣ ಅಂಚು ಎಳೆದು ಅದನ್ನು ಕತ್ತರಿಸಿಬಿಡುತ್ತಿದ್ದ. ಚಿತ್ರದಲ್ಲಿ ಕೂಸು ಮಾತ್ರ ಉಳಿಯುತ್ತಿತ್ತು, ತನ್ನಷ್ಟಕ್ಕೆ ತಾನೇ ಕೈ ಎತ್ತಿ ಸುಮ್ಮನೆ ಮಲಗಿದ ಹಾಗೆ.

ಹೊಸ ಮಿಷನ್ ಬಂದ ಮೇಲಿನ ಮಾತು ಹೇಳುತ್ತೇನೆ. ಇದನ್ನು ನನಗೆ ಹೇಳಿದವನು ಫಿಲಂ ಅಣ್ಣನೇ, ಎಲ್ಲ ಮುಗಿದ ಮೇಲೆ.

“ಹಳೇ ಕಾಲದಲ್ಲಿ ಫಿಲಂ ಇತ್ತಲ್ಲ ತಂಗಿ, ಅದು ಹೇಳ್ತಿತ್ತು. ಕಿರಣ ಜಾಸ್ತಿ ಆದ್ರೆ ಕರ್ರಗೆ ಸುಟ್ಟ ಹಾಗೆ ಬರ್ತಿತ್ತು. ಬೈಸ್ಕೋತಿದ್ವಿ. ಹೆದರಿ ಹೆದರಿ ಕಡಿಮೆ ಇಡ್ತಿದ್ವಿ. ಈ ಹೊಸದು ಬಯ್ಯೋದೇ ಇಲ್ಲ. ಕಡಿಮೆ ಇಟ್ರೆ ಚಿತ್ರ ಮರಳು ಮರಳಾಗಿ ಬರ್ತದೆ. ಜಾಸ್ತಿ ಇಟ್ರೆ ಕೆಡಲ್ಲ, ಇನ್ನೂ ಚೆಂದ ಬರ್ತದೆ. ಎರಡರಷ್ಟು ಇಡು, ನಾಲ್ಕರಷ್ಟು ಇಡು, ಚೆಂದವೇ.”

ದೊಡ್ಡ ಡಾಕ್ಟ್ರಿಗೆ ಚೆಂದದ ಚಿತ್ರ ಬೇಕಿತ್ತು. ಪಕ್ಕದ ಕೋಣೆಯಲ್ಲಿ ಕೂತು ಚಿತ್ರ ಓದುವವರು ಅವರೇ. ಮೆಲುದನಿಯ ಮನುಷ್ಯ. ಎಲ್ಲರನ್ನೂ ‘ತಾಯಿ’, ‘ಅಪ್ಪ’ ಅಂತಲೇ ಮಾತಾಡಿಸುತ್ತಿದ್ದರು. ಚಿತ್ರ ಸ್ವಲ್ಪ ಮರಳಾದರೆ ಮಾತ್ರ, “ಇದೇನಪ್ಪ, ಮುಖಕ್ಕೆ ಮಣ್ಣೆರಚಿದ ಹಾಗಿದೆ. ಕನ್ನಡಿ ಹಾಗೆ ಬರಬೇಕು. ಇನ್ನೊಂದು ತೆಗಿ.” ಇನ್ನೊಂದು. ಮತ್ತೊಂದು. ಬೈಸಿಕೊಳ್ಳುವುದು ಯಾಕೆ ಅಂತ ಫಿಲಂ ಅಣ್ಣ ಕಿರಣದ ಅಳತೆಯನ್ನು ಒಂದೊಂದೇ ಗೆರೆ ಏರಿಸಿದ. ಏರಿಸಿದ್ದನ್ನು ಮತ್ತೆ ಇಳಿಸಲಿಲ್ಲ.

ಮಿಷನ್ನಿಗೂ ಒಂದು ಬಾಯಿತ್ತು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಪಟ್ಟಿ. ಕಿರಣ ಸರಿ ಇದ್ದರೆ ಹಸಿರು, ಮಿತಿ ಮೀರಿದರೆ ಕೆಂಪು. ಯಾವುದೋ ಕೂಸಿನ ಅಪ್ಪ ಅದನ್ನು ನೋಡಿ, ಇದ್ಯಾಕೆ ಕೆಂಪು ಅಂತ ಕೇಳಿಬಿಟ್ಟ. ಮಾರನೆಯ ದಿನ ದೊಡ್ಡ ಡಾಕ್ಟ್ರು ಹೇಳಿದರು, “ಅದನ್ನ ಮುಚ್ಚಪ್ಪ, ಜನ ಸುಮ್ಮನೆ ಗಾಬರಿ ಆಗ್ತಾರೆ.” ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಒಂದು ತುಂಡು ಹರಿದು ಪರದೆಯ ಮೂಲೆಗೆ ಅಂಟಿಸಿದರು. ದಿನಾ ಸಂಜೆ ಆ ಪರದೆಯ ಧೂಳು ಒರೆಸುತ್ತಿದ್ದವರು ಅತ್ತೆ. ಪ್ಲಾಸ್ಟರಿನ ಸುತ್ತ ಬಟ್ಟೆ ಆಡಿಸುವರು. ಅದರಡಿ ಏನಿದೆ ಅಂತ ಯಾರೂ ಹೇಳಲಿಲ್ಲ.

ಮೊದಲು ಉಗುರು ಗೆರೆಗೆರೆಯಾದವು. ಆಮೇಲೆ ಚರ್ಮ ಒಣಗಿ ಸೀಳಿತು. ಅನ್ನ ಕಲಸಿದರೆ ಉರಿ ಅನ್ನುವರು. ನಾನು ರಾತ್ರಿ ಎಣ್ಣೆ ಹಚ್ಚುತ್ತಿದ್ದೆ. ಆಮೇಲೆ ಎಡಗೈಯ ಉಂಗುರದ ಬೆರಳಲ್ಲಿ ಒಂದು ಹುಣ್ಣು. ವಾಸಿಯಾಗಲಿಲ್ಲ. ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟ್ರು ಕೇಳಿದರು:

“ಏನ್ ಕೆಲಸಮ್ಮ ನಿಮ್ಮದು?”

“ಕಸ ಗುಡಿಸ್ತೀನಿ ಸ್ವಾಮಿ.”

“ಫಿನಾಯಿಲು ಅದೂ ಇದೂ ಮುಟ್ತೀರಲ್ಲ, ಅದಕ್ಕೇ.”

ಸಂಬಳದ ಪುಸ್ತಕದಲ್ಲಿ ಇದ್ದದ್ದನ್ನೇ ಅತ್ತೆ ಹೇಳಿದರು. ನಾನೂ ಪಕ್ಕದಲ್ಲಿ ಕೂತು ತಲೆಯಾಡಿಸಿದೆ. ನನ್ನ ತಪ್ಪೂ ಇದೆ ಇದರಲ್ಲಿ. ಹುಣ್ಣು ಕ್ಯಾನ್ಸರಿಗೆ ತಿರುಗಿದೆ ಅಂತ ಕೊನೆಗೆ ಬೆರಳಿನ ಮೇಲಿನ ಗಿಣ್ಣು ಕತ್ತರಿಸಿದರು.

ಗಾಯ ಮಾಗಿದ ಮೇಲೆ ಅತ್ತೆ ಮತ್ತೆ ಹಿಡಿಯಲು ಹೋದರು. ಯಾರೂ ಬಲವಂತ ಮಾಡಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ. “ಕೂಸುಗಳು ಏನು ಮಾಡ್ಯಾವು ಕಣೇ?” ಅಂದರು ನನಗೆ.

ನಮ್ಮತ್ತೆ ಬೆಳಗಾಗೆದ್ದು ದೇವರಿಗೆ ಕೈಮುಗಿಯದೆ ನೀರು ಕುಡಿದವರಲ್ಲ. ಬೆರಳು ಹೋದ ಮೇಲೆ ಅವರು ಕೈಮುಗಿದಾಗ ಒಂಬತ್ತು ಬೆರಳ ತುದಿ ನೆಟ್ಟಗಿರುತ್ತಿತ್ತು. ಬಲಗೈಯ ಉಂಗುರದ ಬೆರಳು ಮಾತ್ರ ಜೊತೆಯಿಲ್ಲದೆ ಒಂಟಿಯಾಗಿ ನಿಲ್ಲುತ್ತಿತ್ತು. ನಾನು ಹಿಂದೆ ನಿಂತು ದೇವರನ್ನು ನೋಡುತ್ತಿರಲಿಲ್ಲ. ಆ ಬೆರಳನ್ನೇ ನೋಡುತ್ತಿದ್ದೆ.

ವರ್ಷ ತುಂಬುವುದರೊಳಗೆ ಕಂಕುಳಲ್ಲಿ ಗಂಟು ಬಂತು. ಕೆಮ್ಮು ಶುರುವಾಯಿತು. ಅಂಗೈ ಊದಿತು. ರೋಗ ಎಲುಬಿಗೆ ಇಳಿದಿದೆಯಾ ನೋಡಬೇಕು, ಕೈಯದೊಂದು ಎಕ್ಸ್‌ರೇ ಬೇಕು ಅಂದರು. ಫಿಲಂ ಅಣ್ಣನೇ ಹೇಳಿ ಕಳಿಸಿದ, “ಬೇರೆ ಎಲ್ಲೂ ಹೋಗಬೇಡಿ, ನಾನೇ ತೆಗೆದುಕೊಡ್ತೀನಿ.”

ಅತ್ತೆಯನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಹೋದೆ. ಫಿಲಂ ಅಣ್ಣ ಮೇಜಿನ ಮೇಲೆ ಒಂದು ಹಲಗೆ ಇಟ್ಟ. ಚಿತ್ರ ಕೂರುವುದು ಆ ಹಲಗೆಯೊಳಗೆ. ಓದುವ ಪೆಟ್ಟಿಗೆಗೆ ತುರುಕಿದರೆ ಪರದೆಗೆ ಬರುತ್ತದೆ. ಆಮೇಲೆ ಅದೇ ಪೆಟ್ಟಿಗೆ ಹಲಗೆಗೆ ಜೋರು ಬೆಳಕು ಹಾಯಿಸಿ ಒರೆಸುತ್ತದೆ, ಸ್ಲೇಟು ಒರೆಸಿದ ಹಾಗೆ. ಅತ್ತೆ ಎಡಗೈಯನ್ನು ಹಲಗೆಯ ನಟ್ಟನಡುವೆ ಇಟ್ಟರು. ತಾವೇ ಇಟ್ಟರು.

“ಇವತ್ತು ಅಂಚಲ್ಲಿ ಅಲ್ಲ ಹಿಡಿಯಮ್ಮ, ನಡುವೆ ನೀವೇ,” ಅಂದ ಫಿಲಂ ಅಣ್ಣ. “ಕನ್ನಡಿ ಹಾಗೆ ತೆಗೀತೀನಿ ನೋಡಿ.”

“ಬೆರಳಿಗೆ ಪೌಡರ್ ಹಚ್ಚಬೇಕೇನೋ?” ಅಂದರು ಅತ್ತೆ. ನಗಲಿಕ್ಕೆ ಹೋಗಿ ಕೆಮ್ಮಿದರು.

ಅದಕ್ಕೆ ಮುಂಚೆ ಯಾರದೋ ಹೊಟ್ಟೆಯ ಎಕ್ಸ್‌ರೇಗೆ ಇಟ್ಟ ಕಿರಣದ ಅಳತೆಯನ್ನು ಅವನು ಇಳಿಸಲಿಲ್ಲ. ಬೆರಳಿಗೆ ಬೇಕಾದ್ದು ಚೂರು. ಬಿದ್ದದ್ದು ರಾಶಿ. ಪ್ಲಾಸ್ಟರಿನಡಿ ಕೆಂಪು ಉರಿದಿರಬೇಕು. ಚಿತ್ರ ಮಾತ್ರ ಕನ್ನಡಿಯ ಹಾಗೆ ಬಂತು. ನಾಲ್ಕೂವರೆ ಬೆರಳು. ಅಂಗೈಯ ಎಲುಬು ಹುಳು ತಿಂದ ಮರದ ಹಾಗಿತ್ತು.

“ಎಷ್ಟು ಚೆನ್ನಾಗಿ ಕಾಣ್ತದಲ್ವಾ?” ಅಂದರು ಅತ್ತೆ.

ಅತ್ತೆ ತೀರಿಕೊಂಡದ್ದು ಅದಾದ ಎರಡೇ ದಿನಕ್ಕೆ.

ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆ ನಾನು ಮೂರನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದೆ. ನಾನೂ ಅಲ್ಲಿ ಗುಡಿಸುವವಳೇ. ಹೆಂಗಸರು ಕೂರುವ ಮೂಲೆಯಲ್ಲಿ ಒಂದು ಕರೆಗಂಟೆ ಇದೆ. ಎಕ್ಸ್‌ರೇ ಕೋಣೆಯಿಂದ ಒತ್ತಿದರೆ ಅಲ್ಲಿ ಬಡಿಯುತ್ತದೆ. ಬಡಿಯಿತು. ಯಾವಾಗಲೂ ಏಳುತ್ತಿದ್ದವರು ಅತ್ತೆ. ಎಲ್ಲರೂ ನನ್ನ ಮುಖ ನೋಡಿದರು.

ಆಫೀಸಿನ ಮೇಡಂ ಮೊದಲೇ ಹೇಳಿದ್ದರು. “ನಿಮ್ಮತ್ತೆ ಜಾಗಕ್ಕೆ ನೀನೇ ಬಾ. ನಿಂಗೂ ಆ ಕೈಗುಣ ಇರ್ತದೆ.”

ಹೋದೆ. ಒಳಗೆ ಅದೇ ಮೊಳೆ, ಅದೇ ಬಿರುಕು ಬಿಟ್ಟ ಏಪ್ರನ್. ತೊಟ್ಟುಕೊಂಡರೆ ಅತ್ತೆಯ ಬೆವರಿನ ವಾಸನೆ. ಮೇಜಿನ ಮೇಲೆ ಹನ್ನೆರಡು ದಿನದ ಹೆಣ್ಣು ಕೂಸು. ಉಸಿರಾಡಿದರೆ ಎದೆ ಗುಳಿ ಬೀಳುತ್ತಿತ್ತು. ಬಲಗಡೆ ನೀರು ತುಂಬಿದೆಯಾ, ಅದೊಂದು ಗೊತ್ತಾಗಬೇಕಿತ್ತು. ತಾಯಿ ಬಾಗಿಲ ಹೊರಗೆ ನಿಂತಿದ್ದಳು.

ನಾನು ಅತ್ತೆ ಹಿಡಿದ ಹಾಗೇ ಹಿಡಿದೆ. ತೋಳು ಮೇಲೆ. ಕಿವಿಗೆ ಸೇರಿಸಿ. ಕೂಸಿನ ತಲೆ ನನ್ನ ಬೆರಳ ನಡುವೆ ಬಿಸಿಯಾಗಿತ್ತು. ಉಸಿರು ಎಳೆಯಿತು. “ಹ್ಞೂಂ” ಅಂದೆ. ನನ್ನ ದನಿ ನನಗೇ ಅತ್ತೆಯ ದನಿಯ ಹಾಗೆ ಕೇಳಿತು.

ಟಕ್.

ಫಿಲಂ ಅಣ್ಣ ಹಲಗೆಯನ್ನು ಪೆಟ್ಟಿಗೆಗೆ ತುರುಕಿದ. ಪರದೆಯ ಮೇಲೆ ಚಿತ್ರ ಇಳಿಯಿತು. ಅವನ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು. ಕೂಸನ್ನು ಎದೆಗೆ ಅವಚಿಕೊಂಡು ಗೋಡೆಯ ಆಚೆ ಹೋದೆ.

ಕೂಸಿನ ಪಕ್ಕೆಲುಬುಗಳ ಮೇಲೆ ಒಂದು ಕೈ ಇತ್ತು.

ಮಸುಕು ಮಸುಕಾಗಿ, ಹೊಗೆಯ ಹಾಗೆ. ದೊಡ್ಡವರ ಎಡಗೈ. ಎದೆಯಗಲ ಹರಡಿಕೊಂಡಿತ್ತು. ಹೆಬ್ಬೆಟ್ಟು ಗಂಟಲ ಬಳಿ, ಕಿರುಬೆರಳು ಹೊಟ್ಟೆಯ ಬಳಿ. ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು.

ನಾನು ನನ್ನ ಕೈ ನೋಡಿಕೊಂಡೆ. ಹತ್ತೂ ಇದ್ದವು.

“ಅತ್ತೆ,” ಅಂದೆ.

ಫಿಲಂ ಅಣ್ಣ ಬೆವೆತಿದ್ದ. “ಅದೇ ಹಲಗೆ ತಂಗಿ. ಅದೇ ಹಲಗೆ ಇದು. ಅವತ್ತು ಜಾಸ್ತಿ ಇಟ್ಟೆ. ಅಷ್ಟು ಜಾಸ್ತಿ ಬಿದ್ರೆ ಒಂದೇ ಸಲಕ್ಕೆ ಪೂರ್ತಿ ಅಳಿಸಲ್ಲ ಇದು. ಇನ್ನೊಂದು ಸಲ ಒರೆಸಬೇಕಿತ್ತು. ಒರೆಸಲಿಲ್ಲ ನಾನು. ಕಪಾಟಲ್ಲಿಟ್ಟೆ...” ಅವನು ಅದನ್ನೇ ಅದನ್ನೇ ಹೇಳುತ್ತಿದ್ದ, ಮಂತ್ರ ಹೇಳಿದ ಹಾಗೆ. ಅವನಿಗೆ ಕಾರಣ ಗೊತ್ತಿತ್ತು. ಆದರೂ ಹಲ್ಲು ಕಟಕಟ ಅನ್ನುತ್ತಿತ್ತು.

ಪಕ್ಕದ ಕೋಣೆಯಲ್ಲೂ ಚಿತ್ರ ಇಳಿದಿತ್ತು. ದೊಡ್ಡ ಡಾಕ್ಟ್ರು ಬಂದರು.

“ಏನಪ್ಪ ಇದು? ಹಲಗೆ ಒರೆಸಿಲ್ವಾ? ಇನ್ನೊಂದು ತೆಗಿ.”

“ಡಾಕ್ಟ್ರೇ,” ಅಂದೆ. “ನೀರು ತುಂಬಿದೆಯಾ ಇಲ್ವಾ, ಕಾಣ್ತದಾ?”

ಅವರು ನನ್ನನ್ನು ಅಲ್ಲಿಯವರೆಗೆ ನೋಡಿರಲಿಲ್ಲ. “ನೀನ್ಯಾರು ತಾಯಿ?”

“ಹಿಡಿಯೋಳು.”

“ಕಾಣ್ತದೆ. ಬಲಗಡೆ ಕೆಳಗೆ ನೀರಿದೆ. ಮೇಲಿನ ವಾರ್ಡಿನವರಿಗೆ ಈಗಲೇ ಫೋನ್ ಮಾಡ್ತೀನಿ. ಆದರೆ ಇಂಥ ಚಿತ್ರ ಇಡೋಕಾಗಲ್ಲ. ಯಾರಾದ್ರೂ ನೋಡಿದ್ರೆ ಏನಂತಾರೆ? ಮಲಗಿಸು. ಒಂದೇ ನಿಮಿಷ.”

ಕೂಸು ನನ್ನ ಹೆಗಲ ಮೇಲಿತ್ತು. ಅದರ ಬೆನ್ನಿನ ಒಂದೊಂದು ಎಲುಬೂ ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ನಮ್ಮ ಎಲುಬು ನೋಡಲಿಕ್ಕೆ ದೇವರಿಗೆ ಮಿಷನ್ ಬೇಕಿಲ್ಲ ಅಂತ ಅತ್ತೆ ಹೇಳುತ್ತಿದ್ದರು. ಮನುಷ್ಯರಿಗೆ ಬೇಕು. ಬೇಕಾದಷ್ಟು ಬೇಕು. ಕಂಡ ಮೇಲೂ ಬೇಕು ಅಂದರೆ ಅದು ನೋಡೋದಲ್ಲ, ತಿನ್ನೋದು.

“ಇಲ್ಲ,” ಅಂದೆ.

“ಏನು?”

“ಮಲಗಿಸಲ್ಲ. ನೋಡಬೇಕಾದ್ದು ಕಂಡಾಯ್ತಲ್ಲ. ಇನ್ನೊಂದು ಬೇಕೇಬೇಕು ಅಂದ್ರೆ ನೀವು ಹಿಡೀರಿ, ನಾನು ಗುಂಡಿ ಒತ್ತುತೀನಿ.”

ಕೂಸನ್ನು ಒಂದು ತೋಳಲ್ಲಿ ಹಿಡಿದೇ ಬಿರುಕು ಬಿಟ್ಟ ಏಪ್ರನ್ ಬಿಚ್ಚಿ ಅವರ ಕಾಲ ಬಳಿ ಹಾಕಿದೆ. ಕೂಸನ್ನು ಅವರ ಕಡೆ ಚಾಚಿದೆ. ದೊಡ್ಡ ಡಾಕ್ಟ್ರು ಕೈ ಚಾಚಲಿಲ್ಲ. ಒಂದು ಹೆಜ್ಜೆ ಹಿಂದೆ ಇಟ್ಟರು. ಒಂದೇ ಹೆಜ್ಜೆ. ಮಿಷನ್ ಸುಮ್ಮನೇ ಇತ್ತು, ಕಿರಣ ಇರಲಿಲ್ಲ, ಅವರು ನಿಂತಿದ್ದದ್ದೇ ಸೀಸದ ಗೋಡೆಯ ಹಿಂದೆ. ಆದರೂ ಹಿಂದೆ ಸರಿದರು. ಎಲ್ಲಾ ಗೊತ್ತಿದ್ದವರ ಹೆಜ್ಜೆ ಅದು. ಇಪ್ಪತ್ತಾರು ವರ್ಷ ನಮ್ಮತ್ತೆಗೆ ಒಬ್ಬರೂ ಹೇಳದ ಮಾತನ್ನು ಆ ಒಂದು ಹೆಜ್ಜೆ ನನಗೆ ಹೇಳಿತು.

ನಾನು ಕೂಸನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಉಗುರು ಹಾಕಿ ಪರದೆಯ ಮೂಲೆಯ ಪ್ಲಾಸ್ಟರ್ ಕಿತ್ತೆ. ಹಳೇ ಗೋಂದು ಎಳೆ ಎಳೆಯಾಗಿ ಬಂತು. ಅಡಿಯಲ್ಲಿ ಪಟ್ಟಿ ಕೆಂಪಗೆ ಉರಿಯುತ್ತಿತ್ತು. ಈ ಕೂಸಿನದು. ಹನ್ನೆರಡು ದಿನದ ಕೂಸಿನದು.

“ಇದೇನಣ್ಣ?” ಅಂತ ಫಿಲಂ ಅಣ್ಣನನ್ನು ಕೇಳಿದೆ.

ಅವನು ತಲೆ ಎತ್ತಲಿಲ್ಲ. “ಜಾಸ್ತಿ ಅಂತ,” ಅಂದ.

“ಅತ್ತೆ ಹಿಡಿದಾಗಲೆಲ್ಲ ಹೀಗೇ ಇತ್ತಾ?”

“ಹ್ಞೂಂ,” ಅಂದ.

ಆ ಹ್ಞೂಂ ಕೇಳಿ ನಾನು ಹೊರಗೆ ಬಂದೆ. ತಾಯಿಯ ಕೈಗೆ ಕೂಸನ್ನು ಕೊಟ್ಟೆ. “ಬಲಗಡೆ ನೀರಿದೆಯಂತಮ್ಮ, ಮೇಲೆ ಓಡು, ತೆಗೀತಾರೆ. ಇನ್ನೊಂದು ಸಲ ಎಕ್ಸ್‌ರೇ ಅಂದ್ರೆ ಯಾಕೆ ಅಂತ ಕೇಳು. ಬೇಕೇಬೇಕು ಅಂದ್ರೆ ಒಳ್ಳೇ ಏಪ್ರನ್ ಕೇಳಿ ಹಾಕ್ಕೊಂಡು ನೀನೇ ಹಿಡಿ. ಒಂದು ಸಲ ಹಿಡಿದ್ರೆ ಏನೂ ಆಗಲ್ಲ. ದಿನಾ ಹಿಡಿದ್ರೆ ಆಗ್ತದೆ.”

ಮಧ್ಯಾಹ್ನ ಆಫೀಸಿಗೆ ಕರೆಸಿದರು. ತಪ್ಪಾಯ್ತು ಅಂತ ಬರೆದುಕೊಟ್ಟು ನಾಳೆಯಿಂದ ಹಿಡಿಯಬೇಕು, ಇಲ್ಲ ಹೊರಡಬೇಕು ಅಂದರು ಮೇಡಂ.

“ನಿಮ್ಮತ್ತೆ ಎಷ್ಟು ಒಳ್ಳೇವರಿದ್ರು. ಒಂದಿನ ಇಲ್ಲ ಅಂದವರಲ್ಲ.”

“ಹೌದು ಮೇಡಂ. ಅದಕ್ಕೇ ನಾನು ಇಲ್ಲ ಅಂತಿದೀನಿ.”

ಕಾಗದ ಮುಂದೆ ಸರಿಸಿದರು. ನಾನು ಕಾಗದದ ಮೇಲೆ ಎರಡೂ ಕೈ ಅಂಗಾತ ಇಟ್ಟೆ. “ನೋಡ್ಕೊಳ್ಳಿ. ಹತ್ತು ಬೆರಳಿದೆ. ಹಿಡಿದವರು ಯಾರು ಅಂತ ಪುಸ್ತಕದಲ್ಲಿ ಬರೀರಿ. ಬಿಲ್ಲೆ ಕೊಡಿ. ಕೆಂಪು ಪಟ್ಟಿ ಮುಚ್ಚಬೇಡಿ. ಬೋರ್ಡಿನಲ್ಲಿ ನೀವೇ ಬರೆದಿದೀರಲ್ಲ, ಹಾಗೆ ಮಾಡಿ. ಗುಡಿಸು ಅಂದ್ರೆ ಗುಡಿಸ್ತೀನಿ. ಹಿಡಿಯಲ್ಲ.”

ಅವರು ಕಾಗದದ ಮೇಲಿಂದ ನನ್ನ ಕೈ ಸರಿಸಲಿಲ್ಲ. ಮುಟ್ಟಲಿಕ್ಕೆ ಹೆದರಿದರೋ ಏನೋ.

ಅಷ್ಟರಲ್ಲಿ ಸುದ್ದಿ ಮೂರನೇ ಮಹಡಿ ಮುಟ್ಟಿತ್ತು. ನಾನು ಮೂಲೆಗೆ ಬರುತ್ತಲೇ ಹೆಂಗಸರು ಸುತ್ತುವರಿದರು.

“ಹಿಡಿಯಮ್ಮ ಬಂದಿತ್ತಂತೆ, ಹೌದೇನೇ? ಕೂಸಿನ ಎದೆ ಮೇಲೆ ಕೂತಿತ್ತಂತೆ?”

“ದೆವ್ವವೇನೇ?”

ಹೌದು ಅಂದುಬಿಡಬಹುದಿತ್ತು. ಸುಳ್ಳು ಹೇಳಿ ಅತ್ತೆಯನ್ನು ದೆವ್ವ ಮಾಡಲು ಮನಸ್ಸು ಬರಲಿಲ್ಲ. ಬದುಕಿದ್ದಾಗ ಗುಡಿಸುವವಳು ಮಾಡಿದ್ದರು. ಸತ್ತ ಮೇಲೆ ದೆವ್ವ ಯಾಕೆ? ಇದ್ದದ್ದು ಇದ್ದ ಹಾಗೆ ಹೇಳಿದೆ. ಹಲಗೆ, ಪ್ಲಾಸ್ಟರ್, ಕೆಂಪು, ಡಾಕ್ಟ್ರ ಆ ಒಂದು ಹೆಜ್ಜೆ. ದೆವ್ವದ ಕಥೆಗಿಂತ ಇದು ಅವರನ್ನು ಹೆಚ್ಚು ಹೆದರಿಸಿತು. ಒಬ್ಬೊಬ್ಬರೂ ತಂತಮ್ಮ ಬೆರಳು ನೋಡಿಕೊಂಡರು.

ಆಗ ಕರೆಗಂಟೆ ಬಡಿಯಿತು.

ಯಾರೂ ಏಳಲಿಲ್ಲ.

ಮತ್ತೆ ಬಡಿಯಿತು. ಕೆಳಗೆ ಯಾವುದೋ ಕೂಸು ಅಳುತ್ತಿರಬೇಕು. ನನ್ನ ಕಾಲು ತಾನಾಗಿಯೇ ಏಳಲಿಕ್ಕೆ ಹೋಯಿತು. ಆ ನಿಮಿಷ ಎಷ್ಟು ಉದ್ದ ಇತ್ತು ಅಂತ ಹೇಳಲಾರೆ. ‘ಕೂಸುಗಳು ಏನು ಮಾಡ್ಯಾವು ಕಣೇ’ ಅಂತ ಅತ್ತೆಯ ದನಿ ಕಿವಿಯ ಹತ್ತಿರವೇ ಕೇಳಿತು. ಕೂತಲ್ಲೇ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೊಳಗೂ ಆ ನಾಲ್ಕೂವರೆ ಬೆರಳು. ದೇವರೇ, ಕೂಸನ್ನೂ ಕಾಯಿ, ಈ ಬೆರಳುಗಳನ್ನೂ ಕಾಯಿ ಅಂದೆ. ಎರಡನ್ನೂ ಒಟ್ಟಿಗೆ ಕೇಳಿದ್ದು ಅದೇ ಮೊದಲು.

ಗಂಟೆ ನಿಂತಿತು.

ಕೆಳಗೆ ಏನಾಯಿತು ಅಂತ ಸಂಜೆ ಫಿಲಂ ಅಣ್ಣ ಬಂದು ಹೇಳಿದ. ಗಂಟೆ ಒತ್ತಿ ಒತ್ತಿ ಸಾಕಾಗಿ, ಕಪಾಟಿನ ಮೇಲಿಂದ ಹೊಸ ಏಪ್ರನ್ ಇಳಿಸಿದನಂತೆ. ತಪಾಸಣೆಯವರು ಬಂದಾಗ ತೋರಿಸಲಿಕ್ಕೆ ಅಂತ ಪ್ಲಾಸ್ಟಿಕ್ ಕೂಡ ಬಿಚ್ಚದೆ ಇಟ್ಟದ್ದು. ಕೂಸಿನ ಅಪ್ಪನಿಗೆ ಅದನ್ನು ತೊಡಿಸಿ, ಹೇಗೆ ಹಿಡಿಯಬೇಕು ಅಂತ ತೋರಿಸಿದನಂತೆ. ಅಳತೆ ಇಳಿಸಿದನಂತೆ. ಪಟ್ಟಿ ಹಸಿರು ಬರುವವರೆಗೆ ಅದನ್ನೇ ನೋಡುತ್ತ ಕೂತಿದ್ದನಂತೆ.

“ಚಿತ್ರ ಹೇಗೆ ಬಂತಣ್ಣ?” ಅಂದೆ.

“ಮರಳು ಮರಳಾಗಿ.”

“ರೋಗ?”

“ಕಾಣ್ತು.”

ಹೊರಡುವ ಮುಂಚೆ ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟ. ಬೆಳಗಿನ ಚಿತ್ರ. ಕಂಪ್ಯೂಟರಿನಲ್ಲಿ ಕೂಸಿನದಷ್ಟೂ ಒರೆಸಿಹಾಕಿ ಉಳಿದದ್ದನ್ನು ಮಾತ್ರ ಉಳಿಸಿದ್ದ. ಅಂಚು ಕತ್ತರಿಸಿರಲಿಲ್ಲ. ನಡುವೆ ಹೊಗೆಯಂಥ ಒಂದು ಕೈ. ಅಂಚಿನಲ್ಲಿ ಬಿಳಿ ಬಿಳಿಯಾಗಿ ನನ್ನ ಬೆರಳು.

ಅದನ್ನು ದೇವರ ಗೂಡಿನ ಪಕ್ಕ ಒರಗಿಸಿಟ್ಟಿದ್ದೇನೆ. ಬೆಳಗ್ಗೆ ಎದ್ದು ಅದರ ಮುಂದೆ ಕೈಮುಗಿಯುತ್ತೇನೆ. ಬೆರಳಿಗೆ ಬೆರಳು ಸೇರಿಸಿ, ಒಂದೊಂದನ್ನೇ ಒತ್ತಿ ನೋಡಿಕೊಳ್ಳುತ್ತೇನೆ. ಯಾವ ಬೆರಳೂ ಇನ್ನೂ ಒಂಟಿಯಾಗಿಲ್ಲ.